ಪ್ರಸಿದ್ಧ ಹೋಲ್‌ಗಳ ಪ್ರತಿಕೃತಿ ಇರುವ ಗಾಲ್ಫ್ ಕೋರ್ಸ್‌ನಲ್ಲಿ ಆಡುವ ಬಗೆ

ಜಗತ್ತಿನ ಹೆಸರಾಂತ ಗಾಲ್ಫ್ ಕೋರ್ಸ್‌ಗಳಿಂದ ಒಂದೊಂದು ಹೋಲ್ (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಅಂಕಣ) ಆರಿಸಿಕೊಂಡು, ಅವುಗಳ ಪ್ರತಿಕೃತಿಗಳನ್ನು ಒಂದೇ ಅಂಗಳದಲ್ಲಿ ಹದಿನೆಂಟಾಗಿ ಪೋಣಿಸಿದ ಕೋರ್ಸ್‌ಗಳಿವೆ. ಅಂಥ ಕಡೆಗೆ ಮೊದಲ ಬಾರಿ ಹೋಗುವವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಟಿವಿಯಲ್ಲಿ ಕಂಡದ್ದನ್ನೇ ನೆನೆಯುತ್ತ, ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಅಮೆರಿಕದ ಆಗಸ್ಟಾದಲ್ಲಿ ವೃತ್ತಿಪರರು ಹಿಡಿದ ಕ್ಲಬ್ಬನ್ನೇ ತಾವೂ ಹಿಡಿದು, ಡಜನ್ ಚೆಂಡುಗಳನ್ನು ನೀರಿಗೆ ಒಪ್ಪಿಸಿ ಬರುತ್ತಾರೆ. ಇನ್ನು ಕೆಲವರು ಇದೆಲ್ಲ ನಕಲು ಎಂದು ಮೂಗು ಮುರಿದು, ಯಾವ ಹೋಲಿನ ಹಿಂದೆ ಯಾವ ಯೋಚನೆಯಿದೆ ಎಂಬುದನ್ನು ಗಮನಿಸದೆ ಆಡಿ ಮುಗಿಸುತ್ತಾರೆ. ಪ್ರತಿಕೃತಿಯಲ್ಲಿ ನೆಲದ ಆಕಾರವನ್ನು ತರಬಹುದು. ಗಾಳಿ, ಹುಲ್ಲು, ಮಣ್ಣು ಮತ್ತು ಇಳಿಜಾರನ್ನು ತರುವುದು ಬಹಳ ಕಷ್ಟ. ಆದ್ದರಿಂದ ಪ್ರತಿ ಟೀಯಲ್ಲಿ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ನಿಂತಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ: ಮೂಲ ಹೋಲ್ ಆಟಗಾರನ ಮುಂದೆ ಇಟ್ಟ ಪರೀಕ್ಷೆ ಯಾವುದು, ಮತ್ತು ಆ ಪರೀಕ್ಷೆಯಲ್ಲಿ ಎಷ್ಟು ಪಾಲು ಇಲ್ಲಿಗೆ ಬಂದಿದೆ?

ಮಾದರಿ ಹೋಲ್‌ಗಳ ಈ ಪರಿಪಾಠ ಹೊಸದೇನಲ್ಲ. 1872ರಲ್ಲಿ ಓದಲೆಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಹೋದ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್, ಮುಂದೆ ಬ್ರಿಟನ್ನಿನ ಉತ್ತಮ ಹೋಲ್‌ಗಳನ್ನು ಅಳೆದು, ನಕ್ಷೆ ಬರೆದುಕೊಂಡು, ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್‌ನಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಆಫ್ ಅಮೆರಿಕ ಎಂಬ ಕೋರ್ಸನ್ನು ಕಟ್ಟಿದರು. ಅದು 1911ರಲ್ಲಿ ವಿಧ್ಯುಕ್ತವಾಗಿ ತೆರೆಯಿತು. ಅಲ್ಲಿಯ ಮೂರನೆಯ ಹೋಲ್ ಪ್ರೆಸ್ಟ್‌ವಿಕ್‌ನ ಆಲ್ಪ್ಸ್, ನಾಲ್ಕನೆಯದು ನಾರ್ತ್ ಬೆರಿಕ್‌ನ ರೆಡಾನ್, ಹದಿಮೂರನೆಯದು ಸೇಂಟ್ ಆಂಡ್ರೂಸ್‌ನ ಈಡನ್. ಆದರೆ ಮ್ಯಾಕ್‌ಡೊನಾಲ್ಡ್ ಮೂಲದ ತತ್ವವನ್ನು ಎತ್ತಿಕೊಂಡು ತಮ್ಮ ನೆಲಕ್ಕೆ ಒಗ್ಗಿಸಿದರೇ ಹೊರತು ಅಚ್ಚೊತ್ತಲಿಲ್ಲ. 1992ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್ ಬಳಿ ತೆರೆದ ಟೂರ್ 18ರಂಥ ಕೋರ್ಸ್‌ಗಳು ಹಿಡಿದದ್ದು ಬೇರೆ ದಾರಿ. ಅಲ್ಲಿ ಉದ್ದ, ಬಂಕರ್ (ಮರಳಿನ ಗುಂಡಿ), ಕೊಳ, ಗ್ರೀನಿನ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುನೆಲದ) ಏರಿಳಿತ ಎಲ್ಲವೂ ಮೂಲವನ್ನು ಹೋಲಬೇಕೆಂಬುದೇ ಉದ್ದೇಶ. ನೀವು ಹೋಗುವ ಕೋರ್ಸ್ ಈ ಎರಡರಲ್ಲಿ ಯಾವ ಜಾತಿಯದು ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ತತ್ವವನ್ನು ಅನುಸರಿಸಿದ ಹೋಲಿನಲ್ಲಿ ಮೂಲದ ಯೋಚನೆಯನ್ನು ನಂಬಿ ಆಡಬಹುದು. ಅಚ್ಚೊತ್ತಿದ ಹೋಲಿನಲ್ಲಿ ಹಾಗೆ ನಂಬುವ ಮೊದಲು ನೆಲವನ್ನು ಪರೀಕ್ಷಿಸಬೇಕು.

ಹೊರಡುವ ಮುನ್ನ

ಕೋರ್ಸಿನ ಪಟ್ಟಿಯಲ್ಲಿರುವ ಹದಿನೆಂಟು ಹೋಲ್‌ಗಳ ಮೂಲಗಳನ್ನೆಲ್ಲ ಕಂಠಪಾಠ ಮಾಡಬೇಕಾಗಿಲ್ಲ. ಐದಾರನ್ನು ಆರಿಸಿಕೊಂಡರೆ ಸಾಕು. ಅವುಗಳ ಉಪಗ್ರಹ ಚಿತ್ರವನ್ನು ನೋಡಿ, ಒಂದು ಹಾಳೆಯಲ್ಲಿ ಕೈಯಾರೆ ಗೀಚಿಕೊಳ್ಳಿ: ಟೀ ಎಲ್ಲಿದೆ, ಗ್ರೀನ್ ಯಾವ ಓರೆಯಲ್ಲಿ ಮಲಗಿದೆ, ಚೆಂಡು ತಪ್ಪಿದರೂ ಆಟ ಉಳಿಯುವ ಕಡೆ ಯಾವುದು, ಎಲ್ಲಿ ತಪ್ಪಿದರೆ ಕೆಲಸ ಕೆಟ್ಟಂತೆ. ಚಿತ್ರದಲ್ಲಿ ಉತ್ತರ ದಿಕ್ಕನ್ನೂ ಗುರುತು ಹಾಕಿ. ಇದು ಕ್ಷುಲ್ಲಕವೆನಿಸಬಹುದು, ಆದರೆ ಪ್ರತಿಕೃತಿಯ ಹೋಲ್ ಮೂಲದ ದಿಕ್ಕಿಗೇ ಮುಖ ಮಾಡಿರುವುದು ಅಪರೂಪ. ಮೂಲದಲ್ಲಿ ಸಮುದ್ರದ ಗಾಳಿಗೆ ಎದುರಾಗಿರುವ ಹೋಲ್ ಇಲ್ಲಿ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದರೆ, ಅದರ ಕುರಿತು ನೀವು ಓದಿದ ಸಲಹೆಗಳೆಲ್ಲ ತಲೆಕೆಳಗಾಗುತ್ತವೆ.

ಜೊತೆಗೆ ನಿಮ್ಮ ಕ್ಲಬ್‌ಗಳ ನಿಜವಾದ ದೂರ ನಿಮಗೆ ಗೊತ್ತಿರಬೇಕು. ನಿಜವಾದ ದೂರವೆಂದರೆ ಜೀವಮಾನದಲ್ಲಿ ಒಮ್ಮೆ ಹೊಡೆದ ಅತ್ಯುತ್ತಮ ಹೊಡೆತವಲ್ಲ; ಚೆಂಡು ಗಾಳಿಯಲ್ಲೇ ಸಾಗಿ ನೆಲ ಮುಟ್ಟುವವರೆಗಿನ ಸರಾಸರಿ. ಪ್ರಸಿದ್ಧ ಹೋಲ್‌ಗಳಲ್ಲಿ ಮುಕ್ಕಾಲು ಪಾಲು ಪ್ರಸಿದ್ಧವಾದದ್ದೇ ನೀರು, ಕಂದಕ ಅಥವಾ ಆಳದ ಬಂಕರನ್ನು ದಾಟಿಸುವ ಕಾರಣಕ್ಕೆ, ಹಾಗಾಗಿ ಉರುಳುವ ದೂರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಟೀ ಆರಿಸುವಾಗ ಹಮ್ಮನ್ನು ಬದಿಗಿಡಿ. ನಿಮ್ಮ ಐದನೆಯ ಐರನ್ ಎಂಬ ಕ್ಲಬ್ಬಿನಿಂದ ಚೆಂಡು ಹೋಗುವ ದೂರವನ್ನು 36ರಿಂದ ಗುಣಿಸಿ. ಬಂದ ಮೊತ್ತದ ಆಸುಪಾಸಿನ ಒಟ್ಟು ಉದ್ದವಿರುವ ಟೀಗಳಿಂದ ಆಡಿ. 150 ಗಜ ಹೊಡೆಯುವವರಿಗೆ 5,400 ಗಜದ ಕೋರ್ಸ್ ಸರಿಯಾದ ಅಳತೆ. ಸಾಮಾನ್ಯ ಕೋರ್ಸಿಗೆ ಇದು ಕೇವಲ ಸೌಕರ್ಯದ ಮಾತು. ಪ್ರತಿಕೃತಿ ಕೋರ್ಸಿನಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಸೇಂಟ್ ಆಂಡ್ರೂಸ್‌ನ ಹದಿನೇಳನೆಯ ಹೋಲ್ ಚಾಂಪಿಯನ್‌ಶಿಪ್ ಟೀಯಿಂದ 495 ಗಜವಿದೆ. ಅಷ್ಟು ದೂರದಿಂದ ಹೊರಟ ಸಾಮಾನ್ಯ ಆಟಗಾರ ಎರಡನೆಯ ಹೊಡೆತಕ್ಕೂ ಗ್ರೀನಿನ ಹತ್ತಿರ ಸುಳಿಯುವುದಿಲ್ಲ, ಆದ್ದರಿಂದ ಆ ಹೋಲ್ ಕೇಳುವ ನಿಜವಾದ ಪ್ರಶ್ನೆ ಅವರ ಕಿವಿಗೆ ಬೀಳುವುದೇ ಇಲ್ಲ. ಗ್ರೀನಿಗೆ ಹತ್ತಿರದ ಟೀಯಿಂದ ಹೊಡೆದವರು ವೃತ್ತಿಪರರು ನಿಂತು ಯೋಚಿಸುವ ಜಾಗದಲ್ಲೇ ನಿಂತು ಯೋಚಿಸುತ್ತಾರೆ.

ನೆಲ, ಹುಲ್ಲು, ಗಾಳಿ

ಮೊದಲ ಎರಡು ಹೋಲ್‌ಗಳನ್ನು ಅಂಕ ಗಳಿಸಲು ಆಡುವ ಬದಲು ನೆಲದ ಗುಣ ತಿಳಿಯಲು ಆಡುವುದು ಒಳ್ಳೆಯದು. ಮೊದಲ ಗ್ರೀನಿಗೆ ಚೆಂಡು ಬಿದ್ದಾಗ ಅದು ಮಾಡಿದ ಗುಳಿಯನ್ನು ಹುಡುಕಿ, ಬಗ್ಗಿ ನೋಡಿ. ಬೆರಳ ತುದಿ ಇಳಿಯುವಷ್ಟು ಆಳವಾಗಿದ್ದು, ಅಂಚಿನಲ್ಲಿ ಹಸಿ ಮಣ್ಣು ಎದ್ದು ನಿಂತಿದ್ದರೆ, ಚೆಂಡು ಗುಳಿಯಿಂದ ಒಂದೆರಡು ಹೆಜ್ಜೆಯ ಒಳಗೇ ನಿಂತಿದ್ದರೆ, ಕೋರ್ಸ್ ಮೆತ್ತಗಿದೆ ಎಂದು ತಿಳಿಯಬೇಕು. ಸ್ಕಾಟ್ಲೆಂಡಿನ ಲಿಂಕ್ಸ್‌ಗಳು ಕಡಲ ಬದಿಯ ಮರಳು ನೆಲದ ಮೇಲೆ ಫೆಸ್ಕ್ಯೂ ಎಂಬ ಎಳೆ ಸಣ್ಣಗಿರುವ ಹುಲ್ಲಿನಿಂದ ಆದವು. ಅಲ್ಲಿ ನೀರು ನಿಲ್ಲುವುದಿಲ್ಲ, ಚೆಂಡು ನೆಲ ಮುಟ್ಟಿದ ಮೇಲೂ ಬಹಳ ದೂರ ಓಡುತ್ತದೆ. ಅದೇ ಹೋಲನ್ನು ಜೇಡಿ ಮಣ್ಣಿನ ಮೇಲೆ ಕಟ್ಟಿ ದಿನವೂ ನೀರುಣಿಸಿದರೆ ಆಕಾರ ಅದೇ ಇದ್ದರೂ ಚೆಂಡು ಬಿದ್ದಲ್ಲೇ ಕೂತುಬಿಡುತ್ತದೆ.

ಇದರ ಪರಿಣಾಮ ಎಷ್ಟೆಂಬುದು ರೆಡಾನ್ ಹೋಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಮೂಲ ರೆಡಾನ್ ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್‌ನ ಹದಿನೈದನೆಯ ಹೋಲ್. ಕ್ರಿಮಿಯಾ ಯುದ್ಧದ ಕೋಟೆಯೊಂದರಿಂದ ಅದಕ್ಕೆ ಆ ಹೆಸರು ಬಂತು. ಪಾರ್ ಮೂರರ, ಅಂದರೆ ಮೂರು ಹೊಡೆತಗಳಲ್ಲಿ ಮುಗಿಸಬೇಕೆಂದು ಎಣಿಸಿದ, ಆ ಹೋಲಿನಲ್ಲಿ ಗ್ರೀನ್ ನಮ್ಮಿಂದ ಓರೆಯಾಗಿ, ಮುಂದಿನ ಬಲ ಮೂಲೆಯಿಂದ ಹಿಂದಿನ ಎಡ ಮೂಲೆಯ ಕಡೆಗೆ ಇಳಿಯುತ್ತ ಹೋಗುತ್ತದೆ. ಎಡ ಮುಂಭಾಗದಲ್ಲಿ ಆಳವಾದ ಬಂಕರಿದೆ. ಬಾವುಟ ಎಡಗಡೆ ಇದ್ದಾಗ ನೇರವಾಗಿ ಅದರತ್ತ ಹೊಡೆಯುವುದು ಬಂಕರಿಗೆ ಆಹ್ವಾನವಿತ್ತಂತೆ. ಬಲ ಮುಂಭಾಗದ ಏರಿನ ಮೇಲೆ ಚೆಂಡನ್ನು ಇಳಿಸಿ, ನೆಲವೇ ಅದನ್ನು ಎಡಕ್ಕೆ ಹೊರಳಿಸಿಕೊಂಡು ಕುಳಿಯ ಬಳಿಗೆ ಒಯ್ಯಲು ಬಿಡುವುದು ಜಾಣತನ. ಈ ಸಲಹೆ ಗಟ್ಟಿ ನೆಲಕ್ಕೆ ಸರಿ. ಮೆತ್ತಗಿನ ಪ್ರತಿಕೃತಿಯಲ್ಲಿ ಹಾಗೆ ಹೊಡೆದ ಚೆಂಡು ಏರಿನ ಮೇಲೆಯೇ ಅಂಟಿಕೊಂಡು ನಿಲ್ಲುತ್ತದೆ, ಆಗ ಇಳಿಜಾರಿನ ಮೇಲೆ ಉದ್ದನೆಯ ಪಟ್ (ಗ್ರೀನಿನ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಉಳಿಯುತ್ತದೆ. ನೆಲ ಮೆತ್ತಗಿದೆಯೆಂದು ತಿಳಿದ ಮೇಲೆ ಇನ್ನಷ್ಟು ದೂರ ಹೋಗುವ ಕ್ಲಬ್ ಹಿಡಿದು, ಗ್ರೀನಿನ ನಟ್ಟನಡುವೆ ಚೆಂಡನ್ನು ಇಳಿಸುವುದೇ ಸರಿಯಾದ ತಿದ್ದುಪಡಿ.

ಗ್ರೀನಿನ ವೇಗವನ್ನು ಅಭ್ಯಾಸದ ಗ್ರೀನಿನಲ್ಲೇ ಅಳೆದುಕೊಳ್ಳಬಹುದು. ಹತ್ತು ಹೆಜ್ಜೆಯ ಪಟ್ಟನ್ನು ಏರಿನ ಕಡೆಗೆ, ಇಳಿಜಾರಿನ ಕಡೆಗೆ, ಅಡ್ಡಕ್ಕೆ ಹೀಗೆ ಮೂರು ಕಡೆ ಹೊಡೆದು ನೋಡಿ. ಆಗಸ್ಟಾದ ಬೆಂಟ್ ಹುಲ್ಲಿನ ಗ್ರೀನ್‌ಗಳು ವೇಗಕ್ಕೆ ಹೆಸರಾದವು. ಅವುಗಳ ಏರಿಳಿತವನ್ನು ಅಂಗುಲ ಬಿಡದೆ ನಕಲು ಮಾಡಿದರೂ, ಹುಲ್ಲನ್ನು ಉದ್ದ ಬಿಟ್ಟ ಗ್ರೀನಿನ ಮೇಲೆ ಚೆಂಡು ಅಷ್ಟು ಬಾಗುವುದಿಲ್ಲ. ಟಿವಿಯಲ್ಲಿ ಆರು ಅಡಿ ತಿರುಗಿದ ಪಟ್ ಇಲ್ಲಿ ಮೂರು ಅಡಿಯೂ ತಿರುಗದಿರಬಹುದು. ಬಿಸಿಲಿನ ಪ್ರದೇಶಗಳಲ್ಲಿ ಬರ್ಮುಡಾ ಹುಲ್ಲು ಹೆಚ್ಚು, ಮತ್ತು ಅದರ ಎಳೆಗಳು ಒಂದು ದಿಕ್ಕಿಗೆ ಒರಗಿ ಬೆಳೆಯುತ್ತವೆ. ಚೆಂಡಿನ ಹಿಂದೆ ನಿಂತು ಕುಳಿಯ ಕಡೆ ನೋಡಿದಾಗ ಹುಲ್ಲು ಹೊಳಪಾಗಿ, ತುಸು ಬಿಳುಪಾಗಿ ಕಂಡರೆ ಎಳೆಗಳು ಕುಳಿಯತ್ತ ವಾಲಿವೆ, ಪಟ್ ಬೇಗ ಓಡುತ್ತದೆ. ಮಂಕಾಗಿ ಕಡು ಹಸಿರಾಗಿ ಕಂಡರೆ ಎಳೆಗಳು ನಿಮಗೆ ಎದುರಾಗಿವೆ, ಕೊಂಚ ಗಟ್ಟಿಯಾಗಿ ಹೊಡೆಯಬೇಕು. ಕುಳಿಯ ಅಂಚನ್ನೂ ನೋಡಿ. ಒಂದು ಬದಿ ಚೂಪಾಗಿ ಕತ್ತರಿಸಿದಂತಿದ್ದು ಇನ್ನೊಂದು ಬದಿ ಬೇರು ಕಿತ್ತು ಒಣಗಿ ಚದುರಿದಂತಿದ್ದರೆ, ಹುಲ್ಲು ವಾಲಿರುವುದು ಆ ಚದುರಿದ ಬದಿಯ ಕಡೆಗೆ.

ಗಾಳಿಯ ವಿಚಾರದಲ್ಲಿ ಪೆಬಲ್ ಬೀಚ್‌ನ ಏಳನೆಯ ಹೋಲಿಗಿಂತ ಒಳ್ಳೆಯ ಪಾಠವಿಲ್ಲ. ಸುಮಾರು 106 ಗಜದ ಆ ಪುಟ್ಟ ಹೋಲ್ ಪೆಸಿಫಿಕ್ ಸಾಗರದ ಕಡೆಗೆ ಇಳಿಯುತ್ತದೆ. ಗಾಳಿ ಸುಮ್ಮನಿದ್ದ ದಿನ ಅದು ವೆಡ್ಜಿನ, ಅಂದರೆ ಸಣ್ಣ ದೂರಕ್ಕೆ ಹಿಡಿಯುವ ಕ್ಲಬ್ಬಿನ, ಆಟ. 1992ರ ಯು.ಎಸ್. ಓಪನ್‌ನ ಕೊನೆಯ ದಿನ ಬಿರುಗಾಳಿಯಲ್ಲಿ ಟಾಮ್ ಕೈಟ್ ಅಲ್ಲಿ ಆರನೆಯ ಐರನ್ ಹಿಡಿದರು, ಆದರೂ ಚೆಂಡು ಗ್ರೀನ್ ತಪ್ಪಿತು, ಪಕ್ಕದಿಂದ ಎತ್ತಿ ಹಾಕಿದ ಚೆಂಡು ನೇರ ಕುಳಿಗೆ ಬಿತ್ತು, ಕೊನೆಗೆ ಅವರೇ ಗೆದ್ದರು. ಸಮುದ್ರವಿಲ್ಲದ ಕಡೆ ಕಟ್ಟಿದ ಅದರ ಪ್ರತಿಕೃತಿ ಹೆಚ್ಚಿನ ದಿನಗಳಲ್ಲಿ ಬರಿಯ ಸಣ್ಣ ಹೊಡೆತವಾಗಿಯೇ ಉಳಿಯುತ್ತದೆ. ಅಲ್ಲಿ ಹೆದರಬೇಕಾದುದು ಏನೂ ಇಲ್ಲ. ಇಳಿಜಾರಿಗೆ ಎಷ್ಟು ಗಜ ಕಳೆಯಬೇಕೆಂಬುದನ್ನಷ್ಟೇ ನೋಡಿಕೊಂಡು, ಬಾವುಟಕ್ಕೇ ಗುರಿಯಿಟ್ಟು, ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಮಾಡಲು ಯತ್ನಿಸಬಹುದು. ಇಡೀ ಸುತ್ತಿನಲ್ಲಿ ಹಾಗೆ ಧೈರ್ಯ ಮಾಡಬಹುದಾದ ಹೋಲ್‌ಗಳು ಮೂರೋ ನಾಲ್ಕೋ ಸಿಗುತ್ತವೆ, ಅವನ್ನು ಮೊದಲೇ ಗುರುತಿಸಿಕೊಂಡಿರಬೇಕು.

ಎತ್ತರ ತಗ್ಗುಗಳ ಮಾತೂ ಹೀಗೆಯೇ. ಆಗಸ್ಟಾದ ಹತ್ತನೆಯ ಹೋಲ್ ಟೀಯಿಂದ ಗ್ರೀನಿನವರೆಗೆ ನೂರು ಅಡಿಗೂ ಹೆಚ್ಚು ಇಳಿಯುತ್ತದೆ ಎಂಬುದು ಟಿವಿಯಲ್ಲಿ ನೋಡಿದವರಿಗೆ ಗೊತ್ತಾಗುವುದೇ ಇಲ್ಲ. ಸಮತಟ್ಟಾದ ಬಯಲಿನಲ್ಲಿ ಅದನ್ನು ಕಟ್ಟಿದರೆ ಚೆಂಡು ಇಳಿಜಾರಿನಲ್ಲಿ ಉರುಳಿ ಗಳಿಸುವ ಹತ್ತಾರು ಗಜಗಳು ಕೈತಪ್ಪುತ್ತವೆ, ಹಾಗಾಗಿ ಕಾಗದದ ಮೇಲೆ ಒಂದೇ ಉದ್ದದ ಹೋಲ್ ಇಲ್ಲಿ ಇನ್ನೂ ಉದ್ದವಾಗಿ ವರ್ತಿಸುತ್ತದೆ.

ನಾಲ್ಕು ಹೋಲ್‌ಗಳು, ಹತ್ತಿರದಿಂದ

ಪ್ರತಿಕೃತಿಕಾರರಿಗೆ ಆಗಸ್ಟಾದ ಹನ್ನೆರಡನೆಯ ಹೋಲ್ ಬಲು ಅಚ್ಚುಮೆಚ್ಚು. ಮೂಲದಲ್ಲಿ 155 ಗಜ. ಮುಂದೆ ರೇಸ್ ಕ್ರೀಕ್ ಎಂಬ ಹಳ್ಳ, ಅದರಾಚೆ ಅಗಲವಾದರೂ ಆಳವಿಲ್ಲದ ಗ್ರೀನ್, ಮುಂದೊಂದು ಬಂಕರ್, ಹಿಂದೆ ಎರಡು. ಗ್ರೀನ್ ಓರೆಯಾಗಿದ್ದು ಅದರ ಬಲ ತುದಿ ನಮ್ಮಿಂದ ಹೆಚ್ಚು ದೂರದಲ್ಲಿದೆ. ಮರ್ಮವಿರುವುದು ಈ ಓರೆಯಲ್ಲೇ. ಬಲಗೈ ಆಟಗಾರನ ಚೆಂಡು ಬಲಕ್ಕೆ ಜಾರಿದಾಗ ಸಾಮಾನ್ಯವಾಗಿ ದೂರವೂ ಕಡಿಮೆಯಾಗುತ್ತದೆ. ಬಲಗಡೆ ಹೆಚ್ಚು ದೂರ ಬೇಕಾದಲ್ಲೇ ಚೆಂಡಿಗೆ ದೂರ ಸಾಲದೆ ಹಳ್ಳ ಸೇರುತ್ತದೆ. ಎಡಕ್ಕೆ ಎಳೆದಾಗ ಉಲ್ಟಾ, ಚೆಂಡು ಹೆಚ್ಚು ದೂರ ಹೋಗಿ ಹಿಂದಿನ ಬಂಕರಿಗೋ ಪೊದೆಗೋ ಬೀಳುತ್ತದೆ. 1980ರ ಮಾಸ್ಟರ್ಸ್‌ನಲ್ಲಿ ಟಾಮ್ ವೈಸ್ಕಾಫ್ ಐದು ಚೆಂಡುಗಳನ್ನು ಈ ನೀರಿಗೆ ಕಳೆದುಕೊಂಡು ಒಂದೇ ಹೋಲಿಗೆ 13 ಹೊಡೆತ ಬರೆದುಕೊಂಡರು. 2016ರಲ್ಲಿ ಮುನ್ನಡೆಯಲ್ಲಿದ್ದ ಜೋರ್ಡನ್ ಸ್ಪೀತ್ ಎರಡು ಚೆಂಡು ಕಳೆದುಕೊಂಡು 7 ಮಾಡಿದರು. 2019ರ ಕೊನೆಯ ದಿನ ಫ್ರಾನ್ಸೆಸ್ಕೊ ಮೊಲಿನಾರಿ ಸೇರಿದಂತೆ ಪೈಪೋಟಿಯಲ್ಲಿದ್ದ ಕೆಲವರು ನೀರಿಗೆ ಹೊಡೆದರೆ, ಟೈಗರ್ ವುಡ್ಸ್ ಬಲಗಡೆಯ ಬಾವುಟವನ್ನು ಕಡೆಗಣಿಸಿ ಗ್ರೀನಿನ ಎಡ ಭಾಗಕ್ಕೆ ಚೆಂಡನ್ನು ಹಾಕಿ, ಎರಡು ಪಟ್‌ಗಳಲ್ಲಿ ಪಾರ್ ಮಾಡಿ, ಮುಂದೆ ಪ್ರಶಸ್ತಿ ಗೆದ್ದರು. ಪ್ರತಿಕೃತಿಯಲ್ಲೂ ಮಾಡಬೇಕಾದುದು ಅಷ್ಟೇ: ಬಾವುಟ ಎಲ್ಲೇ ಇರಲಿ, ಮುಂದಿನ ಬಂಕರಿನ ನೇರಕ್ಕೆ ಗುರಿಯಿಟ್ಟು, ಆ ಬಂಕರನ್ನು ದಾಟಿಸಲು ಬೇಕಾದ ಕ್ಲಬ್ ಹಿಡಿಯಿರಿ. ನಾನು ಇದನ್ನು ಓದಿ ತಿಳಿದಿದ್ದೂ ಮೊದಲ ಸಲ ಬಾವುಟದತ್ತಲೇ ಹೊಡೆದೆ. ಚೆಂಡು ಎದುರು ದಂಡೆಯ ಹುಲ್ಲಿಗೆ ತಾಗಿ, ಒಂದು ಕ್ಷಣ ಅಲ್ಲೇ ನಿಂತಂತೆ ತೋರಿ, ಆಮೇಲೆ ಯಾರಿಗೂ ಅವಸರವಿಲ್ಲವೆಂಬಂತೆ ನಿಧಾನಕ್ಕೆ ಉರುಳಿಕೊಂಡು ನೀರಿಗಿಳಿಯಿತು.

ಆ ಉರುಳುವಿಕೆಯಿಂದಲೇ ನಿಯಮದ ಒಂದು ಸೂಕ್ಷ್ಮ ಹುಟ್ಟುತ್ತದೆ. ಹಳ್ಳವನ್ನು ಹಳದಿ ಗೂಟಗಳಿಂದ ಗುರುತಿಸಿದ್ದರೆ, ಒಂದು ಹೊಡೆತದ ದಂಡ ತೆತ್ತು ಹಿಂದಿನ ಜಾಗದಿಂದಲೇ ಮತ್ತೆ ಹೊಡೆಯಬೇಕು, ಇಲ್ಲವೇ ಚೆಂಡು ಹಳ್ಳದ ಅಂಚನ್ನು ಕೊನೆಯ ಬಾರಿ ದಾಟಿದ ಬಿಂದುವನ್ನೂ ಕುಳಿಯನ್ನೂ ಸೇರಿಸುವ ಗೆರೆಯ ಮೇಲೆ ಹಳ್ಳದ ಈಚೆಗೆ ಹಿಂದೆ ಸರಿದು ಚೆಂಡು ಬಿಡಬೇಕು. ಗೂಟಗಳು ಕೆಂಪಾಗಿದ್ದರೆ ಮೂರನೆಯ ದಾರಿಯೊಂದು ತೆರೆಯುತ್ತದೆ: ಆ ಬಿಂದುವಿನಿಂದ ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ ಚೆಂಡು ಬಿಡಬಹುದು. ಚೆಂಡು ಅಂಚಿನ ಆಚೆ ಎದುರು ದಂಡೆಯ ಮೇಲೆ ಬಿದ್ದು ಹಿಂದಕ್ಕೆ ಉರುಳಿದ್ದರೆ ಕೊನೆಯ ಬಾರಿ ದಾಟಿದ್ದು ಗ್ರೀನಿನ ಬದಿಯ ಅಂಚನ್ನು, ಆದ್ದರಿಂದ ಕೆಂಪು ಗೂಟವಿದ್ದಲ್ಲಿ ಜಾಗ ಸಿಕ್ಕರೆ ಹಳ್ಳವನ್ನು ಮತ್ತೆ ದಾಟಿಸುವ ಗೋಜೇ ಇಲ್ಲ. ಪ್ರತಿಕೃತಿ ಕೋರ್ಸಿನ ಗೂಟದ ಬಣ್ಣ ಮೂಲದಂತೆಯೇ ಇರಬೇಕೆಂದೇನೂ ಇಲ್ಲ, ಆದ್ದರಿಂದ ಟೀಯಲ್ಲಿ ನಿಂತಾಗಲೇ ಬಣ್ಣ ನೋಡಿಕೊಳ್ಳಿ. ಚೆಂಡನ್ನು ಮೊಣಕಾಲಿನ ಎತ್ತರದಿಂದ ಬಿಡಬೇಕೆಂಬುದು 2019ರಿಂದ ಜಾರಿಯಲ್ಲಿರುವ ನಿಯಮ.

ಫ್ಲಾರಿಡಾದ ಟಿಪಿಸಿ ಸಾಗ್ರಾಸ್‌ನ ಹದಿನೇಳನೆಯ ಹೋಲಿನದು ಇನ್ನೊಂದು ಕತೆ. ಪೀಟ್ ಡೈ ಆ ಕೋರ್ಸನ್ನು ಕಟ್ಟುವಾಗ ಹೋಲಿನ ಸುತ್ತಲಿನ ಮರಳು ಒಳ್ಳೆಯದೆಂದು ತೋಡಿ ತೋಡಿ ಬೇರೆ ಕಡೆಗೆ ಬಳಸಿದ್ದರಿಂದ ದೊಡ್ಡ ಗುಂಡಿ ಉಳಿಯಿತು. ಗ್ರೀನನ್ನು ದ್ವೀಪವನ್ನಾಗಿಸಿ ಎಂದು ಸೂಚಿಸಿದವರು ಅವರ ಪತ್ನಿ ಆಲಿಸ್ ಡೈ. 137 ಗಜದ ಈ ಹೋಲಿನಲ್ಲಿ ತಂತ್ರವೆಂಬುದೇ ಇಲ್ಲ, ಗ್ರೀನಿನ ಮೇಲಿದ್ದೀರಿ ಅಥವಾ ನೀರಿನಲ್ಲಿದ್ದೀರಿ. ಇದು ಅಳುಕಿನ ಪರೀಕ್ಷೆ, ಮತ್ತು ಅಳುಕು ಪ್ರತಿಕೃತಿಯಲ್ಲೂ ಯಾವ ಕಡಿತವಿಲ್ಲದೆ ಬರುತ್ತದೆ. ನನ್ನ ಎಣಿಕೆಯಲ್ಲಿ ನಕಲಿನಲ್ಲಿ ಹೆಚ್ಚು ನಿಷ್ಠೆಯಿಂದ ಉಳಿಯುವ ಹೋಲ್ ಇದೇ. ಇಲ್ಲಿ ಪಾಲಿಸಬೇಕಾದುದು ಎರಡು ಮಾತು. ಎರಡು ಕ್ಲಬ್‌ಗಳ ನಡುವೆ ದೂರ ಸಿಕ್ಕಿಹಾಕಿಕೊಂಡಾಗ ದೊಡ್ಡ ಕ್ಲಬ್ಬನ್ನು ಅರ್ಧ ಮನಸ್ಸಿನಿಂದ ಬೀಸಬೇಡಿ; ಟೀಯ ಗುರುತುಗಳ ಹಿಂದೆ ಎರಡು ಕ್ಲಬ್ ಉದ್ದದೊಳಗೆ ಎಲ್ಲಿ ಬೇಕಾದರೂ ಚೆಂಡು ಇಡಲು ನಿಯಮ ಅವಕಾಶ ಕೊಡುತ್ತದೆ, ಅದನ್ನು ಬಳಸಿ ಒಂದು ಪೂರ್ಣ ಹೊಡೆತಕ್ಕೆ ದೂರವನ್ನು ಹೊಂದಿಸಿಕೊಳ್ಳಿ. ಮತ್ತೆ, ಮೊದಲ ಚೆಂಡು ನೀರಿಗೆ ಬಿದ್ದರೆ ಹಟ ಹಿಡಿದು ಟೀಯಿಂದಲೇ ಹೊಡೆಯುತ್ತ ನಿಲ್ಲದೆ, ಚೆಂಡು ಬಿಡಲು ಗೊತ್ತುಪಡಿಸಿದ ಜಾಗವೇನಾದರೂ ಇದೆಯೇ ಎಂದು ನೋಡಿ, ಅಲ್ಲಿಗೆ ಹೋಗಿ. ಹಿಂದೆ ಕಾಯುತ್ತಿರುವವರು ನಿಮ್ಮನ್ನು ಹರಸುತ್ತಾರೆ.

ಸೇಂಟ್ ಆಂಡ್ರೂಸ್‌ನ ಹದಿನೇಳನೆಯದು, ರೋಡ್ ಹೋಲ್, ನಕಲು ಮಾಡಲು ಬಲು ಕಷ್ಟದ್ದು. ಮೊದಲ ಹೊಡೆತ ಹೋಟೆಲಿನ ಬದಿಯ ಶೆಡ್‌ಗಳ ಮೂಲೆಯ ಮೇಲಿಂದ ಹೋಗಬೇಕು. ಗ್ರೀನ್ ತೆಳ್ಳಗೆ ಓರೆಯಾಗಿದೆ, ಮುಂದೆ ಎಡಕ್ಕೆ ಕುಖ್ಯಾತ ರೋಡ್ ಬಂಕರ್, ಹಿಂದೆ ಡಾಂಬರು ರಸ್ತೆ, ಅದರಾಚೆ ಕಲ್ಲಿನ ಗೋಡೆ. 1978ರ ಬ್ರಿಟಿಷ್ ಓಪನ್‌ನಲ್ಲಿ ಜಪಾನಿನ ಟಾಮಿ ನಾಕಾಜಿಮಾ ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಿದ್ದರು. ಪಟ್ ಮಾಡಲು ಹೋದಾಗ ಚೆಂಡು ಇಳಿಜಾರಿನಲ್ಲಿ ಬಂಕರಿಗೆ ಉರುಳಿತು, ಹೊರಬರಲು ನಾಲ್ಕು ಹೊಡೆತ ಹಿಡಿದು ಒಟ್ಟು 9 ಆಯಿತು. ಬಲಗಡೆಯ ಮುಂಭಾಗದಲ್ಲಿ, ಗ್ರೀನ್ ಮುಟ್ಟುವ ತುಸು ಮೊದಲೇ ಚೆಂಡನ್ನು ನಿಲ್ಲಿಸಿ, ಅಲ್ಲಿಂದ ಪಟರಿನಲ್ಲೇ ಏರಿಸಿ, ಐದು ಬಂದರೆ ಐದೆಂದು ಒಪ್ಪಿಕೊಳ್ಳುವುದು ಸಾಮಾನ್ಯ ಆಟಗಾರನಿಗೆ ಉಳಿದ ಮಾರ್ಗ. ಪ್ರತಿಕೃತಿಯಲ್ಲಿ ರಸ್ತೆಯ ಬಗ್ಗೆ ವಿಶೇಷ ಗಮನ ಬೇಕು. ಮೂಲದಲ್ಲಿ ರಸ್ತೆ ಆಟದ ಭಾಗ, ಚೆಂಡು ಅದರ ಮೇಲೆ ನಿಂತರೆ ಹಾಗೆಯೇ ಹೊಡೆಯಬೇಕು. ಬೇರೆ ಕೋರ್ಸ್‌ಗಳಲ್ಲಿ ಡಾಂಬರು ಅಥವಾ ಕಾಂಕ್ರೀಟು ಹಾಸಿದ ದಾರಿಯಿಂದ ದಂಡವಿಲ್ಲದೆ ಚೆಂಡನ್ನು ಪಕ್ಕಕ್ಕೆ ತೆಗೆಯುವ ಹಕ್ಕು ಸಾಮಾನ್ಯ ನಿಯಮದಲ್ಲೇ ಇದೆ, ಸಮಿತಿ ಬೇರೆ ಹೇಳಿದ್ದರೆ ಮಾತ್ರ ಇಲ್ಲ. ಗಾಲ್ಫ್ ಗಾಡಿಗಳ ದಾರಿಯನ್ನೇ ರಸ್ತೆಯ ಪಾತ್ರಕ್ಕೆ ನಿಲ್ಲಿಸಿದ ಕಡೆ ಸ್ಕೋರ್‌ಕಾರ್ಡಿನ ಬೆನ್ನಿನ ಮೇಲಿನ ಸ್ಥಳೀಯ ನಿಯಮ ಓದದೆ ಐರನ್ ಎತ್ತಿ ಕಾಂಕ್ರೀಟಿಗೆ ಬಡಿಯಬೇಡಿ.

ಸ್ಕಾಟ್ಲೆಂಡಿನ ರಾಯಲ್ ಟ್ರೂನ್ ಕೋರ್ಸಿನ ಎಂಟನೆಯ ಹೋಲಿಗೆ ಪೋಸ್ಟೇಜ್ ಸ್ಟ್ಯಾಂಪ್ ಎಂದು ಹೆಸರು. 123 ಗಜದ ದೂರದಲ್ಲಿ ಅಂಚೆ ಚೀಟಿಯಷ್ಟೇ ಎನ್ನುವಂತಹ ಗ್ರೀನ್, ಸುತ್ತ ಐದು ಬಂಕರ್. 1950ರಲ್ಲಿ ಹರ್ಮನ್ ಟಿಸ್ಸೀಸ್ ಎಂಬ ಜರ್ಮನ್ ಹವ್ಯಾಸಿ ಒಂದು ಬಂಕರಿನಿಂದ ಇನ್ನೊಂದಕ್ಕೆ ಓಡಾಡಿ 15 ಹೊಡೆದರು, 1973ರಲ್ಲಿ 71 ವರ್ಷದ ಜೀನ್ ಸರಾಜೆನ್ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದರು. ಇದರ ಪ್ರತಿಕೃತಿಗೆ ಬಂದಾಗ ಬಂಕರಿನ ಆಳವನ್ನು ನೋಡಿ. ನೋಡಿಕೊಳ್ಳುವ ಖರ್ಚು ತಗ್ಗಿಸಲು, ಆಟ ತಡವಾಗದಿರಲು, ನಕಲಿನಲ್ಲಿ ಬಂಕರ್‌ಗಳನ್ನು ಮೇಲುಮೇಲೆ ಮಾಡುವುದುಂಟು. ಗೋಡೆ ನಿಮ್ಮ ಮೊಣಕಾಲಿನಷ್ಟೇ ಇದ್ದರೆ ಬಂಕರಿಗೆ ಅಂಜುವ ಕಾರಣವಿಲ್ಲ. ಎದೆ ಮಟ್ಟದ ನೇರ ಗೋಡೆಯಿದ್ದು ಚೆಂಡು ಅದರ ಬುಡಕ್ಕೆ ಒತ್ತಿ ನಿಂತಿದ್ದರೆ ಮುಂದಕ್ಕೆ ಹೊಡೆಯುವ ಆಸೆ ಬಿಡಬೇಕು. ಪಕ್ಕಕ್ಕೋ ಹಿಂದಕ್ಕೋ ತಿರುಗಿ, ಕ್ಲಬ್ಬಿನ ಮುಖವನ್ನು ಚೆನ್ನಾಗಿ ತೆರೆದು, ಚೆಂಡಿಗಿಂತ ಎರಡು ಬೆರಳು ಹಿಂದೆ ಮರಳಿಗೆ ಹೊಡೆದು ಹೊರಬನ್ನಿ.

ಸುತ್ತಿನ ಲಯ

ಪ್ರತಿಕೃತಿ ಕೋರ್ಸಿನ ದೊಡ್ಡ ಕೊರತೆ ಯಾವುದೆಂದು ಕೇಳಿದರೆ, ನಾನು ಹುಲ್ಲನ್ನೋ ಗಾಳಿಯನ್ನೋ ಹೇಳುವುದಿಲ್ಲ. ಹೋಲ್‌ಗಳಿಗೆ ನೆರೆಹೊರೆ ಇಲ್ಲದಿರುವುದನ್ನು ಹೇಳುತ್ತೇನೆ. ಆಗಸ್ಟಾದಲ್ಲಿ ಹನ್ನೊಂದರ ಕೊಳದಿಂದ ಪಾರಾಗಿ ಬಂದವನು ಹನ್ನೆರಡಕ್ಕೆ ನಿಲ್ಲುತ್ತಾನೆ, ಮುಂದೆ ಹದಿಮೂರರಲ್ಲಿ ಬರ್ಡಿಯ ಆಸೆಯಿದೆ. ಒಳ್ಳೆಯ ಕೋರ್ಸ್ ಒಂದು ಕಷ್ಟದ ಹೋಲಿನ ನಂತರ ಉಸಿರಾಡಲು ಒಂದು ಸರಳ ಹೋಲನ್ನು ಕೊಡುತ್ತದೆ. ಎಲ್ಲ ಕಡೆಯ ನಾಯಕರನ್ನೇ ಕರೆತಂದು ಸಾಲಾಗಿ ನಿಲ್ಲಿಸಿದ ಕಡೆ ಆ ಬಿಡುವು ಸಿಗುವುದಿಲ್ಲ. ಕೊನೆಯ ಐದು ಹೋಲ್‌ಗಳ ಹೊತ್ತಿಗೆ ಕೈಗಿಂತ ಮನಸ್ಸು ದಣಿದಿರುತ್ತದೆ. ಆದ್ದರಿಂದ ಬಿಡುವನ್ನು ನೀವೇ ಮಾಡಿಕೊಳ್ಳಬೇಕು. ಮನೆಯಲ್ಲಿ ಗೀಚಿಕೊಂಡ ಐದಾರು ಹೋಲ್‌ಗಳಲ್ಲಿ ಮಾತ್ರ ಮೂಲದ ಪರೀಕ್ಷೆಗೆ ಮನಸಾರೆ ಒಡ್ಡಿಕೊಳ್ಳಿ. ಉಳಿದ ಕಡೆ ಫೇರ್‌ವೇಯ (ಟೀಯಿಂದ ಗ್ರೀನಿನವರೆಗಿನ ಕತ್ತರಿಸಿದ ಹುಲ್ಲಿನ ಹಾದಿಯ) ನಡು, ಗ್ರೀನಿನ ನಡು, ಎರಡು ಪಟ್ ಎಂದು ಆಡಿ. ಚೆಂಡು ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ, ಅದನ್ನು ಮೀರಬೇಡಿ.

ಚಿತ್ರ ತೆಗೆಯುವವರಿಗೆ ಒಂದು ಮಾತು. ಪ್ರಸಿದ್ಧ ಸೇತುವೆ, ಗಡಿಯಾರ, ದೀಪಸ್ತಂಭಗಳ ನಕಲು ಎಲ್ಲ ಕಡೆ ಸಿಗಲಿಕ್ಕಿಲ್ಲ, ಅದಕ್ಕೊಂದು ಕಾನೂನಿನ ಹಿನ್ನೆಲೆಯೂ ಇದೆ. ಟೂರ್ 18ರ ವಿರುದ್ಧ ಪೆಬಲ್ ಬೀಚ್, ಪೈನ್‌ಹರ್ಸ್ಟ್ ಮತ್ತು ಹಾರ್ಬರ್ ಟೌನ್ ಕೋರ್ಸ್‌ಗಳ ಒಡೆಯರು ಮೊಕದ್ದಮೆ ಹೂಡಿದಾಗ, ಅಮೆರಿಕದ ನ್ಯಾಯಾಲಯ 1996ರಲ್ಲಿ ಹೋಲ್‌ಗಳ ನಕಲನ್ನು ನಿಲ್ಲಿಸಲಿಲ್ಲ, ಆದರೆ ಹಾರ್ಬರ್ ಟೌನ್‌ನ ಹದಿನೆಂಟನೆಯ ಹೋಲಿನ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭದ ಪ್ರತಿಕೃತಿಯನ್ನು ತೆಗೆಯಬೇಕೆಂದಿತು, ಮೂಲ ಕೋರ್ಸ್‌ಗಳ ಹೆಸರನ್ನು ಬಳಸುವುದಕ್ಕೆ ಕಟ್ಟುಪಾಡು ಹಾಕಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನು ಬಹುಪಾಲು ಎತ್ತಿಹಿಡಿಯಿತು. ದೀಪಸ್ತಂಭವಿಲ್ಲದ ಆ ಹೋಲಿನಲ್ಲಿ ಗುರಿಗೆ ಕಣ್ಣಿಡಲು ಬೇರೊಂದು ಗುರುತು ಹುಡುಕಿಕೊಳ್ಳಬೇಕಾಗುತ್ತದೆ, ಅಷ್ಟೇ.

ಮೂಲವೇ ಇಲ್ಲದ ಪ್ರತಿಕೃತಿಯಲ್ಲಿ ಆಡುವ ಅವಕಾಶ ಸಿಕ್ಕವರು ಈ ಮೇಲಿನ ಎಷ್ಟೋ ಎಚ್ಚರಿಕೆಗಳನ್ನು ಸಡಿಲಿಸಬಹುದು. ಮ್ಯಾಕ್‌ಡೊನಾಲ್ಡ್ ಅವರೇ ಲಾಂಗ್ ಐಲೆಂಡಿನಲ್ಲಿ ಕಟ್ಟಿ 1917ರಲ್ಲಿ ತೆರೆದ ಲಿಡೊ ಕೋರ್ಸ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಣ್ಮರೆಯಾಗಿತ್ತು. ಹಳೆಯ ಚಿತ್ರಗಳಿಂದ ತಯಾರಿಸಿದ ಡಿಜಿಟಲ್ ಮಾದರಿಯನ್ನು ಆಧರಿಸಿ ಕೋರ್ಸ್ ವಿನ್ಯಾಸಕ ಟಾಮ್ ಡೋಕ್ ಅದನ್ನು ವಿಸ್ಕಾನ್ಸಿನ್‌ನ ಮರಳು ನೆಲದ ಮೇಲೆ ಮತ್ತೆ ಕಟ್ಟಿದರು, 2023ರಲ್ಲಿ ಅದು ಆಟಕ್ಕೆ ತೆರೆಯಿತು. ಹದಿನೆಂಟೂ ಹೋಲ್ ಒಂದೇ ಕೋರ್ಸಿನವು, ನೆಲವೂ ಮರಳಿನದೇ. ಅಲ್ಲಿ ಚೆಂಡನ್ನು ನೆಲದ ಮೇಲೆ ಓಡಿಸಿ, ರೆಡಾನಿನ ಬಲ ಮೂಲೆಯನ್ನು ಧೈರ್ಯವಾಗಿ ಬಳಸಿ.

ಸುತ್ತು ಮುಗಿದ ಮೇಲೆ, ಬೂಟು ಬಿಚ್ಚುವ ಮೊದಲೇ, ಇನ್ನೊಂದು ಖಾಲಿ ಸ್ಕೋರ್‌ಕಾರ್ಡನ್ನು ತೆಗೆದುಕೊಂಡು ಕೂತು, ಆರಿಸಿಕೊಂಡ ಐದಾರು ಹೋಲ್‌ಗಳ ಎದುರು ಎರಡು ಸಂಗತಿ ಬರೆಯಿರಿ: ಹಿಡಿದ ಕ್ಲಬ್, ಮತ್ತು ಚೆಂಡು ತಪ್ಪಿದ ದಿಕ್ಕು. ಹೊಡೆತಗಳ ಎಣಿಕೆ ಬೇಕಾಗಿಲ್ಲ, ಅದು ಮೊದಲ ಕಾರ್ಡಿನಲ್ಲಿದೆ. ಮುಂದೆ ಆ ಮೂಲ ಹೋಲ್ ಟಿವಿಯಲ್ಲಿ ಬಂದಾಗ ಈ ಕಾರ್ಡನ್ನು ಪಕ್ಕದಲ್ಲಿ ಇಟ್ಟುಕೊಂಡು, ಬಾವುಟ ಬಲಗಡೆ ಇರುವ ದಿನ ಯಾರು ಎಡಕ್ಕೆ ಗುರಿಯಿಡುತ್ತಾರೆಂದು ನೋಡಿ.